‘ನಿರ್ಗತಿಕಳು’ ಎಂದು ಬರೆಯಬೇಡಿ

ಆ ದಿನ ನಾನು ಎಲೆ ಅಡಿಕೆ ಹಾಕಿಕೊಂಡಿರಲಿಲ್ಲ.

ಹರಿಹರದ ತವರುಮನೆಯ ಹಿತ್ತಿಲಲ್ಲಿ ಅಣ್ಣನ ಜೊತೆ ಜಗಳವಾಡುತ್ತಿದ್ದೆ. ಯಾಕೆಂದು ಕೇಳಬೇಡಿ. ತವರಿಗೆ ಹೋದ ತಂಗಿ ಅಣ್ಣನ ಜೊತೆ ಜಗಳವಾಡಲು ಕಾರಣ ಹುಡುಕಬೇಕಾಗಿಲ್ಲ. ಮಾತು ಏರುವ ಹೊತ್ತಿಗೆ ಕೆಮ್ಮು ಬಂತು. ಉಗುಳಿದೆ. ಕೆಂಪಗಿತ್ತು. ಎಲೆ ಅಡಿಕೆ ಜಗಿಯುವವಳಿಗೆ ಕೆಂಪು ಉಗುಳು ಏನು ಹೊಸದು? ಬಾಯಿ ಒರೆಸಿಕೊಂಡು ಜಗಳ ಮುಂದುವರಿಸಿದೆ. ಅತ್ತಿಗೆ ಮಾತ್ರ ನೆಲ ನೋಡುತ್ತಾ ನಿಂತಿದ್ದಳು.

“ಗಿರಿಜಾ, ಎಲೆ ಡಬ್ಬಿ ಬೆಳಗ್ಗಿಂದ ನನ್ನ ಹತ್ರ ಐತಲ್ಲೇ” ಅಂದಳು.

ಜಗಳ ಅಲ್ಲಿಗೆ ನಿಂತಿತು.

ಎಷ್ಟು ಕಾಲದಿಂದ ಆ ರಕ್ತ ಎಲೆ ಅಡಿಕೆಯ ಬಣ್ಣದೊಳಗೆ ಬಚ್ಚಿಟ್ಟುಕೊಂಡಿತ್ತೋ ಗೊತ್ತಿಲ್ಲ. ಸಂಜೆಯಾದರೆ ಮೈ ಬೆಚ್ಚಗಾಗುವುದು, ಬೆಳಗ್ಗೆ ಎದ್ದಾಗ ದಿಂಬು ಒದ್ದೆಯಾಗಿರುವುದು, ಎಲ್ಲ ಇತ್ತು. ಕೆಲಸದ ದಣಿವು ಎಂದುಕೊಂಡಿದ್ದೆ. ನಮ್ಮ ಮನೆಯವರು ದಾವಣಗೆರೆಯಲ್ಲಿ ಒಂದು ಬಟ್ಟೆ ಅಂಗಡಿಯ ಜಗಲಿ ಮೇಲೆ ಹೊಲಿಗೆ ಮಷೀನು ಇಟ್ಟುಕೊಂಡಿರುವ ದರ್ಜಿ. ಹೆಚ್ಚು ಮಾತಿನವರಲ್ಲ. ಆ ವರ್ಷ ಅವರು ನನ್ನ ರವಿಕೆಗಳನ್ನು ಮತ್ತೆ ಮತ್ತೆ ಬಿಚ್ಚಿ, ಒಳಗೊಂದು ಹೊಲಿಗೆ ಹಾಕಿ ಚಿಕ್ಕದು ಮಾಡಿದ್ದರು. ನಾನು ಸೊರಗುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಲು ಅವರಿಗೆ ಹೆದರಿಕೆ. ಕೇಳಲು ನನಗೂ ಹೆದರಿಕೆ.

ಹರಿಹರದ ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ದಾವಣಗೆರೆಯ ದೊಡ್ಡಾಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿ ಎಂದರು. ಮಗಳನ್ನು ಅತ್ತಿಗೆಯ ಹತ್ತಿರ ಬಿಟ್ಟು ರೈಲು ಹತ್ತಿದೆ. ಎರಡು ಊರಿಗೂ ನಡುವೆ ದೂರವೇ ಇಲ್ಲ, ಒಂದು ಎಲೆ ಜಗಿದು ಮುಗಿಸುವಷ್ಟರಲ್ಲಿ ಊರು ಬರುತ್ತದೆ. ಅವತ್ತು ಮಾತ್ರ ದಾವಣಗೆರೆ ಬರುವುದೇ ಬೇಡ ಅನ್ನಿಸಿತು.

ಟಿ.ಬಿ.

ಡಾಕ್ಟರು ಎಕ್ಸ್‌ರೇ ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದು ಎಡಗಡೆಯ ಮಬ್ಬು ತೋರಿಸಿದರು. “ಹೆದರಬೇಡಿ. ಈಗ ಔಷಧಿ ಇದೆ. ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್, ಜೊತೆಗೆ ಮಾತ್ರೆ. ಆದರೆ ನಡುವೆ ನಿಲ್ಲಿಸಬಾರದು. ನಿಲ್ಲಿಸಿದರೆ ರೋಗ ಔಷಧಿಗೇ ಬಗ್ಗದ ಹಾಗಾಗುತ್ತದೆ” ಎಂದರು. ನಮ್ಮ ಮನೆಯವರು ತಲೆಯಾಡಿಸಿದರು. ನಾನೂ ಆಡಿಸಿದೆ. ನನ್ನ ಸೋದರತ್ತೆ ಇದೇ ರೋಗದಲ್ಲಿ ಹೋದದ್ದನ್ನು ಕಂಡವಳು ನಾನು. ಊರಾಚೆಯ ಗುಡಿಸಲಲ್ಲಿ ಒಬ್ಬಳನ್ನೇ ಇಟ್ಟಿದ್ದರು, ಊಟವನ್ನು ಬಾಗಿಲಲ್ಲಿ ಇಟ್ಟು ಬರುತ್ತಿದ್ದರು. ಆಗ ಔಷಧಿ ಇರಲಿಲ್ಲ. ಈಗ ಇದೆಯಂತೆ. ಹಾಗಿದ್ದ ಮೇಲೆ ನಾನು ಬದುಕುತ್ತೇನೆ ಎಂದು ಆ ಕೋಣೆಯಲ್ಲೇ ಗಟ್ಟಿ ಮಾಡಿಕೊಂಡೆ.

ಔಷಧಿ ಇರುವುದು ಬೇರೆ, ಅದು ನಮ್ಮ ಮೈಗೆ ಸೇರುವುದು ಬೇರೆ. ಆಸ್ಪತ್ರೆಯ ಪಡಸಾಲೆಯಲ್ಲಿ ಒಂದು ಹಲಗೆ ನೇತು ಹಾಕಿದ್ದರು. ನಮ್ಮ ಮನೆಯವರು ಅದನ್ನು ಅಕ್ಷರ ಕೂಡಿಸಿ ಓದಿದರು. ನಿರ್ಗತಿಕ ರೋಗಿಗಳಿಗೆ ಔಷಧಿ ಉಚಿತ, ಇತರರು ವೆಚ್ಚವನ್ನು ತಾವೇ ಭರಿಸತಕ್ಕದ್ದು. ಸರ್ಕಾರದ ಕನ್ನಡದಲ್ಲಿ ಈ ‘ತಕ್ಕದ್ದು’ ಬಂತೆಂದರೆ ಬಡವರು ಎದ್ದು ನಿಲ್ಲಬೇಕು ಎಂದೇ ಅರ್ಥ. ಆ ಔಷಧಿಯನ್ನು ತಿಂಗಳುಗಟ್ಟಲೆ ಕೊಳ್ಳುವುದು ಜಗಲಿಯ ಮೇಲಿನ ದರ್ಜಿಗೆ ಆಗದ ಮಾತು. ಕ್ಲಾರ್ಕು ಹೇಳಿದ: “ಇದು ಬೆಂಗ್ಳೂರಾಗೆ ಮಾಡಿರೋ ರೂಲ್ಸು. ತಾಲ್ಲೂಕು ಕಚೇರಿ ಅಮಲ್ದಾರ್ರ ಹತ್ರ ನಿರ್ಗತಿಕ ಅಂತ ಬರೆಸ್ಕೊಂಡು ಬರ್ರಿ. ಅಲ್ಲೀವರೆಗೆ ಡಾಕ್ಟ್ರು ಹೇಳ್ಯಾರೆ ಅಂತ ಇಂಜೆಕ್ಷನ್ ಹಾಕ್ತೀವಿ.”

ಇಂಜೆಕ್ಷನ್ ಶುರುವಾಯಿತು. ಅರ್ಜಿ ಕೊಟ್ಟೆವು. ಮನೆಗೆ ಬಂದು ಅತ್ತೆಗೆ ಹೇಳಿದೆವು.

“ನಿರ್ಗತಿಕ ಅಂದ್ರೆ ಏನೋ?” ಎಂದು ಅತ್ತೆ ಮಗನನ್ನು ಕೇಳಿದಳು.

“ಗತಿ ಇಲ್ಲದವ್ರು ಅಂತ ಕಣವ್ವ.”

ಅತ್ತೆ ರೊಟ್ಟಿ ತಟ್ಟುವ ಕೈ ನಿಲ್ಲಿಸಿದಳು. “ಯಾರಿಗೆ ಗತಿ ಇಲ್ಲ? ಕೊರಳಾಗೆ ತಾಳಿ ಐತೆ, ನೀನು ಕಲ್ಲುಗುಂಡಿನಂಗೆ ಇದೀಯ, ನಾನಿನ್ನೂ ಸತ್ತಿಲ್ಲ. ನಮ್ಮ ಮನೆ ಸೊಸೆಗೆ ಗತಿ ಇಲ್ಲ ಅಂತ ಸರ್ಕಾರದಾಗೆ ಬರೆಸ್ತೀಯೇನೋ?”

“ಅದು ಬರೇ ಮಾತು ಕಣವ್ವ, ಔಷಧಿಗೋಸ್ಕರ.”

“ಬರೇ ಮಾತಾ? ಬೀದ್ಯಾಗೆ ಯಾವಳಾರ ನಿನ್ನ ಹೆಂಡ್ತಿಗೆ ಗತಿಗೆಟ್ಟೋಳೆ ಅಂದಿದ್ರೆ ಸುಮ್ನಿರ್ತಿದ್ದೇನು?”

ಅತ್ತೆ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ನಮ್ಮ ಓಣಿಯ ಹೆಂಗಸರ ಜಗಳದಲ್ಲಿ ಅದಕ್ಕಿಂತ ಕೆಟ್ಟ ಬೈಗುಳ ಕಡಿಮೆ. ಗಂಡ ಸತ್ತವಳು, ಊರು ಬಿಟ್ಟವಳು, ಮೂರೂ ಬಿಟ್ಟವಳು, ಎಲ್ಲವೂ ಆ ಒಂದು ಮಾತಿನಲ್ಲಿ ಬಂತು. ಬೆಂಗಳೂರಿನಲ್ಲಿ ಕೂತು ರೂಲ್ಸು ಬರೆದ ಮಹರಾಯರು ನಮ್ಮ ಓಣಿಯ ಜಗಳ ಕೇಳಿದವರಲ್ಲ.

ನಮ್ಮ ಮನೆಯ ಸ್ಥಿತಿ ನೋಡಲು ಅಮಲ್ದಾರರ ಕೈಕೆಳಗಿನ ಶೇಕದಾರರು ಬರುತ್ತಾರೆ ಎಂದು ಶಾನುಭೋಗರು ಹೇಳಿ ಕಳಿಸಿದರು. ಅಷ್ಟೇ ಸಾಕಾಯಿತು. ಸರ್ಕಾರದ ಮನುಷ್ಯ ಮೊದಲ ಸಲ ನಮ್ಮ ಹೊಸಿಲು ತುಳಿಯುತ್ತಿದ್ದಾನೆ, ಅದೂ ಈ ಮನೆಗೆ ಗತಿ ಇದೆಯೋ ಇಲ್ಲವೋ ನೋಡಲು. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. ಬಟ್ಟೆ ಅಂಗಡಿ ಸಾವ್ಕಾರರ ಮನೆಯಿಂದ ಕೈ ಇರುವ ಕುರ್ಚಿ ಬಂತು, ಜಮಖಾನ ಬಂತು. ಪಕ್ಕದ ಹಸೀನಾ ಬೂಬು, ಆಕೆಯ ಗಂಡನದು ಮಂಡಕ್ಕಿ ಭಟ್ಟಿ, ತನ್ನ ಮದುವೆಯ ಹೂವಿನ ಚಿತ್ರದ ಕಪ್ಪು ಬಸಿ ಕೊಟ್ಟಳು. ಆ ಮನೆಯಲ್ಲಿ ಅತ್ತೆ ಜನ್ಮದಲ್ಲಿ ನೀರು ಕುಡಿದವಳಲ್ಲ. ಮನೆಯ ಮಾನದ ಪ್ರಶ್ನೆ ಬಂದಾಗ ಮಡಿ ಸ್ವಲ್ಪ ಆಚೆ ಸರಿದು ನಿಂತಿತು. ನಮ್ಮ ಮನೆಯವರಿಗೆ ಯಾರದೋ ಹೊಲಿದಿಟ್ಟ ಕೋಟು ಹಾಕಿಸಿದಳು. ನನಗೆ ಮದುವೆಯ ಇಳಕಲ್ಲು ಸೀರೆ ಉಡಿಸಿ, ತಲೆ ಬಾಚಿ, ಹೂ ಮುಡಿಸಿ ಚಾಪೆಯ ಮೇಲೆ ಕೂರಿಸಿದಳು. ಸುಳ್ಳು ಯಾಕೆ, ನನಗೂ ಖುಷಿಯಾಗಿತ್ತು. ರೋಗ ಹಿಡಿದ ಮೇಲೆ ಯಾರೂ ನನ್ನ ತಲೆ ಬಾಚಿರಲಿಲ್ಲ.

ಶೇಕದಾರರು ಬಂದರು. ಒಳ್ಳೆಯ ಮನುಷ್ಯ. ವಗ್ಗರಣೆ ಮಂಡಕ್ಕಿ ತಿಂದರು, ಮೆಣಸಿನಕಾಯಿ ಕಚ್ಚಿ ಕಣ್ಣಲ್ಲಿ ನೀರು ತಂದುಕೊಂಡರು, ಹೂವಿನ ಕಪ್ಪಿನಲ್ಲಿ ಚಹಾ ಕುಡಿದರು.

“ಮನೆ ಚೆಂದ ಇಟ್ಕೊಂಡೀರಿ, ಅವ್ವಾರೆ.”

“ನಮ್ಗೇನು ಕಮ್ಮಿ ಮಾಡಿಲ್ರಿ ಶಿವ. ಇನ್ನೊಂಚೂರು ಹಾಕ್ಕೋರಿ.”

“ಔಷಧಿಗೆ ತೊಂದ್ರೆ ಐತೆ ಅಂತ ಅರ್ಜಿ ಬಂದಿತ್ತು…”

ನಮ್ಮ ಮನೆಯವರು ಬಾಯಿ ತೆರೆದರು. ಅತ್ತೆ ಅದಕ್ಕೂ ಮುಂಚೆ ಹೇಳಿಬಿಟ್ಟಳು. “ಸೊಸಿಗೆ ಔಷಧಿ ಕೊಡಿಸ್ಲಾರದ ಮನಿ ಅಲ್ರಿ ಇದು.”

ಶೇಕದಾರರು ನಕ್ಕು, ಕೈಮುಗಿದು, ಹೊರಟರು. ಅವರ ವರದಿಯ ಕೊನೆಗೆ ಒಂದೇ ಮಾತಿತ್ತಂತೆ: ಸ್ಥಿತಿವಂತರು.

ಇಂಜೆಕ್ಷನ್ ನಿಂತಿತು.

ಜ್ವರ ಸಂಜೆಯವರೆಗೂ ಕಾಯದೆ ಮಧ್ಯಾಹ್ನವೇ ಬರತೊಡಗಿತು. ಕೆಮ್ಮಿದರೆ ಪಕ್ಕೆಲುಬಿನ ಒಳಗೆ ಯಾರೋ ಸೂಜಿ ಬಿಟ್ಟು ಮರೆತ ಹಾಗೆ ನೋವು. ಡಾಕ್ಟರು ಹೇಳಿದ ಮಾತು ಬಿಡದೆ ತಲೆಯಲ್ಲಿ ತಿರುಗುತ್ತಿತ್ತು, ನಡುವೆ ನಿಲ್ಲಿಸಬಾರದು. ನಮ್ಮ ಮನೆಯವರು ಹೊಲಿಗೆ ಮಷೀನು ಮಾರುವ ಮಾತು ತೆಗೆದರು. “ಮಷೀನು ಮಾರಿದ ಮಾರನೇ ದಿನ ನಾವು ನಿಜವಾಗ್ಲೂ ನಿರ್ಗತಿಕರಾಗ್ತೀವಲ್ರಿ. ಆಗ ಸರ್ಕಾರಕ್ಕೆ ಸಮಾಧಾನ ಆಗ್ತೈತಾ?” ಎಂದೆ. ಅವರು ನಗಲಿಲ್ಲ.

ಅತ್ತೆ ಊಟ ಬಿಟ್ಟಳು. ಮೂಲೆಯಲ್ಲಿ ಕೂತು ಒಂದೇ ಮಾತು: “ಮನೆಗೆ ಬಂದೋರ ಮುಂದೆ ಇಲ್ಲ ಅನ್ನೋದು ಹೆಂಗವ್ವಾ? ನಂಗೆ ಯಾರೂ ಕಲಿಸ್ಲಿಲ್ಲ.”

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಸಿಟ್ಟೆಲ್ಲ ಆ ಹಲಗೆಯ ಮೇಲೆ. ಮಲಗಿದಲ್ಲೇ ಯೋಚಿಸುತ್ತಿದ್ದೆ. ಆ ರೂಲ್ಸಿನಲ್ಲಿ ಎರಡೇ ಬಗೆಯ ಜನ: ಎಲ್ಲ ಇದ್ದವರು, ಏನೂ ಇಲ್ಲದವರು. ನಮ್ಮಂಥವರು ಎಲ್ಲಿ ಹೋಗಬೇಕು? ಮೂರು ಹೊತ್ತು ರೊಟ್ಟಿ ಇದೆ, ಹಬ್ಬಕ್ಕೆ ಹೋಳಿಗೆ ಇದೆ, ಬಂದವರಿಗೆ ಚಹಾ ಇದೆ. ಶ್ವಾಸಕೋಶದಲ್ಲಿ ತೂತು ಬಿದ್ದರೆ ಮುಚ್ಚಿಸಲು ಮಾತ್ರ ಇಲ್ಲ. ಈ ದಾವಣಗೆರೆಯ ಮಿಲ್ಲು, ಭಟ್ಟಿ, ಅಂಗಡಿ ಜಗಲಿ ಎಲ್ಲ ಕಡೆ ದುಡಿಯುವವರು ನಮ್ಮಂಥವರೇ. ಕಾಯಿದೆ ಮಾಡುವವರ ಕಣ್ಣಿಗೆ ಊರಿನ ಮುಕ್ಕಾಲು ಪಾಲು ಜನ ಬಿದ್ದೇ ಇಲ್ಲವೆಂದರೆ ಅವರು ನೋಡಿದ್ದಾದರೂ ಏನನ್ನು?

ಶಾನುಭೋಗರಿಗೆ ಅಯ್ಯೋ ಅನ್ನಿಸಿತೋ ಏನೋ, ಒಂದು ದಾರಿ ಹೇಳಿದರು. “ಇನ್ನೊಂದು ಅರ್ಜಿ ಹಾಕ್ರಿ. ಈ ಸಾರಿ ಹರಿದ ಸೀರೆ ಉಡ್ರಿ. ಪಾತ್ರೆ ಪಗಡೆ ಪಕ್ಕದ ಮನ್ಯಾಗೆ ಇಡ್ರಿ. ಬಂದವ್ರ ಮುಂದೆ ಒಂದು ಕಣ್ಣೀರು ಹಾಕ್ರಿ.”

ನಮ್ಮ ಮನೆಯವರು ನನ್ನ ಮುಖ ನೋಡಿದರು.

“ಆಗಲ್ಲ” ಎಂದೆ.

ಹಸೀನಾ ಬೂಬು ಬುದ್ಧಿ ಹೇಳಿದಳು. “ಜಾನ್ ದೊಡ್ಡದೋ ಇಜ್ಜತ್ ದೊಡ್ಡದೋ, ಗಿರಿಜಕ್ಕಾ?” ಅವಳು ಕೇಳಿದ್ದು ಪ್ರೀತಿಯಿಂದ. ನನಗೆ ಜೀವ, ಮಾನ ಎರಡೂ ಬೇಕಾಗಿತ್ತು. ಎರಡರಲ್ಲಿ ಒಂದನ್ನೇ ಆರಿಸು ಅನ್ನುವ ಅಧಿಕಾರ ಸರ್ಕಾರಕ್ಕೆ ಯಾರು ಕೊಟ್ಟರು?

ಮಾರನೇ ದಿನ ಮನೆಯಲ್ಲಿ ಉಡುವ ಸೀರೆಯನ್ನೇ ಉಟ್ಟೆ. ಹರಿದದ್ದೂ ಅಲ್ಲ, ಇಳಕಲ್ಲೂ ಅಲ್ಲ. ನಮ್ಮ ಮನೆಯವರ ತೋಳು ಹಿಡಿದುಕೊಂಡು ಅಮಲ್ದಾರರ ಕಚೇರಿಗೆ ಹೋದೆ. ಪಡಸಾಲೆ ತುಂಬ ಜನ. ಜವಾನ ನನ್ನನ್ನು ನೋಡಿ, “ನೀನ್ಯಾಕ ಬಂದೆ? ಗಂಡಸ್ರನ್ನ ಒಳಗೆ ಕಳ್ಸಮ್ಮ” ಅಂದ.

“ರೋಗ ಬಂದಿರೋದು ನಂಗೆ, ಗಂಡಸ್ರಿಗಲ್ಲ.”

“ಸಾಹೇಬ್ರಿಗೆ ಪುರಸೊತ್ತಿಲ್ಲ.”

“ಕೂತ್ಕೊಂತೀನಿ.”

ಬೆಂಚಿನ ಮೇಲೆ ಕೂತೆ. ಕೆಮ್ಮು ಬಂತು. ಆಸ್ಪತ್ರೆಯಲ್ಲಿ ಕಲಿಸಿದ ಹಾಗೆ ದಪ್ಪ ಬಟ್ಟೆಯನ್ನು ಬಾಯಿಗೆ ಒತ್ತಿ ಹಿಡಿದು ಕೆಮ್ಮಿದೆ. ಬಟ್ಟೆ ತೆಗೆಯಲಿಲ್ಲ, ಯಾರಿಗೂ ಅಪಾಯ ಮಾಡುವ ಮನಸ್ಸು ನನಗಿರಲಿಲ್ಲ. ಆದರೆ ಆ ಕೆಮ್ಮನ್ನು ಗುರುತು ಹಿಡಿಯದವರು ಆಗ ಯಾರಿದ್ದರು? ಪಕ್ಕದಲ್ಲಿ ಕೂತಿದ್ದ ಗೌಡರೊಬ್ಬರು ಎದ್ದರು. ಅವರ ಹಿಂದೆ ಇನ್ನಿಬ್ಬರು ಎದ್ದರು. ಬೆಂಚು ಖಾಲಿಯಾಯಿತು, ಪಡಸಾಲೆ ಖಾಲಿಯಾಯಿತು, ಒಳಗಿನ ಗುಮಾಸ್ತ ಕಿಟಕಿ ಹಾಕಿಕೊಂಡ. ಇಷ್ಟು ದಿನ ಈ ಕೆಮ್ಮಿಗೆ ನಾಚಿ ಮೂಲೆ ಸೇರುತ್ತಿದ್ದೆ. ಅವತ್ತು ಅದೇ ನನ್ನ ಪರವಾಗಿ ವಾದ ಮಾಡಿತು.

“ಆಚೆ ಹೋಗಮ್ಮ ತಾಯಿ!” ಜವಾನ ದೂರದಿಂದಲೇ ಕೂಗಿದ.

“ಎಲ್ಲಿಗೆ ಹೋಗ್ಲಿ? ಆಸ್ಪತ್ರೆಯೋರು ಇಲ್ಲಿಗೆ ಕಳ್ಸಿದ್ರು. ನೀವು ವಾಪಸ್ ಆಸ್ಪತ್ರೆಗೆ ಕಳ್ಸ್ರಿ, ಈಗಿಂದೀಗ್ಲೇ ಹೋಗ್ತೀನಿ.”

ಕೊನೆಗೆ ಅಮಲ್ದಾರರೇ ಬಾಗಿಲಿಗೆ ಬಂದರು, ಮೂಗಿಗೆ ಕರವಸ್ತ್ರ. ವಯಸ್ಸಾದವರು. ವರದಿ ತರಿಸಿ ಓದಿದರು. “ಸ್ಥಿತಿವಂತರು ಅಂತ ಬರೆದಿದ್ದಾರಲ್ಲಮ್ಮ. ಕುರ್ಚಿ, ಜಮಖಾನ, ಪಿಂಗಾಣಿ ಕಪ್ಪು…”

“ಕುರ್ಚಿ ಸಾವ್ಕಾರ್ರದು, ಕಪ್ಪು ಹಸೀನಾ ಬೂಬುದು, ನಮ್ಮ ಮನೆಯೋರು ಹಾಕ್ಕೊಂಡಿದ್ದ ಕೋಟು ಯಾರ್ದು ಅಂತ ನಂಗೂ ಗೊತ್ತಿಲ್ರಿ. ನಿಮ್ಮ ಮನುಷ್ಯ ಬರ್ತಾನೆ ಅಂತ ಮರ್ಯಾದೆಗೆ ತಂದಿದ್ದು. ನಿಮ್ಮನ್ಯಾಗೆ ಬೀಗರು ಬಂದ್ರೆ ನೀವೇನು ಹರಕು ಚಾಪೆ ಹಾಸ್ತೀರಾ?”

ಅಮಲ್ದಾರರು ನಗು ತಡೆದದ್ದು ಕರವಸ್ತ್ರದ ಹಿಂದೆಯೂ ಕಂಡಿತು. “ಸರಿ. ಹಾಗಾದರೆ ನಿರ್ಗತಿಕಳು ಎಂದು ಬರೆದು ಸಹಿ ಹಾಕು.”

“ಹಂಗೆ ಬರಿಯಲ್ರಿ.”

ಪಕ್ಕದಲ್ಲಿ ನಮ್ಮ ಮನೆಯವರು ನನ್ನ ತೋಳು ಜಗ್ಗಿದರು. ಅಮಲ್ದಾರರ ನಗು ಹೋಯಿತು. “ಔಷಧಿ ಬೇಕೋ ಬೇಡವೋ?”

“ಬೇಕು. ಗತಿ ಐತ್ರಿ ನಂಗೆ. ಗಂಡ ಇದಾರೆ, ಅತ್ತೆ ಇದಾಳೆ, ಮಗಳಿದಾಳೆ. ಇಂಜೆಕ್ಷನ್ ಇಲ್ಲ, ಅಷ್ಟೇ. ಅದನ್ನ ಹಂಗೇ ಬರ್ಕೊಳ್ರಿ.”

“ರೂಲ್ಸಿನಲ್ಲಿರುವ ಪದ ಅದು. ಬದಲಾಯಿಸುವುದು ನನ್ನ ಕೈಯಲ್ಲಿಲ್ಲಮ್ಮ.”

“ಇದ್ದೋಳನ್ನ ಇಲ್ಲದೋಳು ಅನ್ನೋದೂ ನನ್ನ ಕೈಯಾಗೆ ಇಲ್ರಿ.”

ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಮತ್ತೆ ಬಂತು. ನಿಲ್ಲಲಾಗದೆ ಬೆಂಚು ಹಿಡಿದುಕೊಂಡೆ. ಬಟ್ಟೆಯಲ್ಲಿ ಕಂಡದ್ದನ್ನು ಮಡಚಿ ಮುಚ್ಚಿಕೊಂಡೆ. ಅಮಲ್ದಾರರು ಅದನ್ನು ನೋಡಿದರು. ಆಮೇಲೆ ಕಾಗದ ಕೊಡಿಸಿ, “ನಿನಗೆ ಸರಿ ಕಂಡದ್ದನ್ನು ಬರಿ” ಎಂದರು. ಹರಿಹರದ ಶಾಲೆಯಲ್ಲಿ ಕಲಿತ ಅಕ್ಷರ ನನ್ನದು. ಬರೆದೆ: ನನಗೆ ಗಂಡ, ಮನೆ ಮಂದಿ ಇದ್ದಾರೆ. ಈ ರೋಗದ ಔಷಧಿ ಕೊಳ್ಳುವ ಶಕ್ತಿ ನಮಗೆ ಇಲ್ಲ. ಸಹಿ ಹಾಕಿದೆ. ಅದರ ಕೆಳಗೆ ಅವರು ಬರೆದರು: ಈ ಚಿಕಿತ್ಸೆಯ ಮಟ್ಟಿಗೆ ನಿರ್ಗತಿಕಳೆಂದು ಪರಿಗಣಿಸಬಹುದು.

ನಾನು ಬಾಯಿ ತೆರೆದೆ. ಅವರು ಕೈ ಎತ್ತಿದರು. “ನಿನ್ನ ಮಾತು ನೀನು ಬರೆದೆ. ನನ್ನ ಮಾತು ನಾನು ಬರೆದೆ. ಇನ್ನು ಆಸ್ಪತ್ರೆಗೆ ನಡಿ.”

ಆಸ್ಪತ್ರೆಯ ಗೇಟಿನಲ್ಲಿ ನಮ್ಮ ಮನೆಯವರು, “ಚಿಕಿತ್ಸೆ ಮಟ್ಟಿಗೆ ಅಂದ್ರೆ, ಎಡಗಡೆ ಶ್ವಾಸಕೋಶ ಒಂದೇ ನಿರ್ಗತಿಕ ಅಂದಂಗಾಯ್ತು” ಅಂದರು. ಮದುವೆಯಾದಾಗಿನಿಂದ ಅವರು ಮಾಡಿದ ಮೊದಲ ತಮಾಷೆ ಅದು. ನಕ್ಕು ನಕ್ಕು ಮತ್ತೆ ಕೆಮ್ಮಿದೆ.

ಔಷಧಿ ನಡುವೆ ನಿಂತದ್ದರಿಂದ ಡಾಕ್ಟರು ನನ್ನನ್ನು ವಾರ್ಡಿನಲ್ಲೇ ಇಟ್ಟುಕೊಂಡರು. ಇಂಜೆಕ್ಷನ್‌ನಿಂದ ಸೊಂಟ ಕಲ್ಲಾಯಿತು. ಕಿವಿಯಲ್ಲಿ ಸದಾ ಗುಂಯ್ ಅನ್ನುವ ಸದ್ದು. ಮಾತ್ರೆಯ ಜೊತೆ ಕೊಡುತ್ತಿದ್ದ ಪುಡಿ ಔಷಧಿ ನುಂಗಿದರೆ ಹೊಟ್ಟೆಯೊಳಗಿನದೆಲ್ಲ ಮೇಲೆ ಬರುತ್ತಿತ್ತು. ಬಂದರೆ ಬರಲಿ ಎಂದು ಮತ್ತೆ ನುಂಗುತ್ತಿದ್ದೆ. ಜಗಳವಾಡಿ ತಂದ ಔಷಧಿ, ಸುಮ್ಮನೆ ಬಿಡುವವಳಲ್ಲ. ಮಗಳನ್ನು ಅಣ್ಣ ಕರೆದುಕೊಂಡು ಬಂದರೆ ಕಿಟಕಿಯ ಆಚೆಯಿಂದಲೇ ನೋಡುವುದು. ಅವಳು ಹೋದ ಮೇಲೆ ಗೋಡೆಯ ಕಡೆ ತಿರುಗಿ ಅಳುತ್ತಿದ್ದೆ.

ಪಕ್ಕದ ಹಾಸಿಗೆಯವಳು ದುರುಗವ್ವ. ಹರಿಹರದ ಹೊಳೆ ದಂಡೆಯ ಖಾನಾವಳಿಗಳಲ್ಲಿ ಪಾತ್ರೆ ತಿಕ್ಕುತ್ತಿದ್ದವಳು, ನನಗಿಂತ ಚಿಕ್ಕವಳು. ಗಂಡ ಬಿಟ್ಟು ಹೋಗಿದ್ದ. ಹಿಂದೆ ಮುಂದೆ ಯಾರೂ ಇಲ್ಲ. ಅವಳ ಅರ್ಜಿಗೆ ಒಂದು ದಿನವೂ ಹಿಡಿದಿರಲಿಲ್ಲವಂತೆ. ನೋಡಿ ಬರಲು ಮನೆಯೇ ಇರಲಿಲ್ಲವಲ್ಲ.

“ಆ ಮಾತಿಗೆ ಅಮಲ್ದಾರ್ರ ಹತ್ರ ಜಗಳ ಆಡಿದ್ಯಂತೆ ಅಕ್ಕಾ” ಎಂದು ಒಮ್ಮೆ ಕೇಳಿದಳು.

ನಾನು ಜಂಬದಿಂದಲೇ ಎಲ್ಲ ಹೇಳಿದೆ. “ನೀನೂ ಆ ಮಾತಿಗೆ ಸುಮ್ನೆ ಹೆಬ್ಬೆಟ್ಟು ಒತ್ತಬಾರ್ದಿತ್ತು” ಎಂದೂ ಸೇರಿಸಿದೆ.

ಅವಳು ನಕ್ಕಳು. “ನಿಂಗೆ ಗತಿ ಐತೆ, ಜಗಳ ಆಡ್ದೆ. ನಂಗೆ ಇಲ್ಲ, ಒತ್ತಿದೆ. ಅವ್ರು ಏನಾರ ಬರ್ಕೊಳ್ಳಲಿ, ಸೂಜಿ ಚುಚ್ಚಿದ್ರೆ ಸಾಕು.”

ನಾನು ಜಗಳವಾಡಿದ್ದು ಆ ಮಾತು ನನಗೆ ಸಲ್ಲದು ಎಂದು. ಸಲ್ಲುತ್ತದೆ ಎಂದು ಸರ್ಕಾರ ಒಪ್ಪಿಕೊಂಡವರ ಕಥೆ ಏನು ಎಂದು ಒಂದು ಗಳಿಗೆಯೂ ಯೋಚಿಸಿರಲಿಲ್ಲ. ಆ ದಿನವೆಲ್ಲ ಮನಸ್ಸಿಗೆ ಕಿರಿಕಿರಿ.

ಕಫದ ಪರೀಕ್ಷೆ ಇಬ್ಬರದೂ ಚೊಕ್ಕ ಬಂತು. ಇನ್ನು ಮನೆಗೆ ಹೋಗಿ ಮಾತ್ರೆ ನುಂಗಬಹುದು, ತಿಂಗಳಿಗೊಮ್ಮೆ ಬಂದು ತೆಗೆದುಕೊಂಡು ಹೋಗಬೇಕು ಎಂದರು ಡಾಕ್ಟರು. ಕ್ಲಾರ್ಕು ಮೊದಲು ನನ್ನ ಹೆಸರು ಬರೆದುಕೊಂಡು ನಮ್ಮ ಮನೆಯವರ ಸಹಿ ಹಾಕಿಸಿದ. ಆಮೇಲೆ ದುರುಗವ್ವನ ಕಡೆ ತಿರುಗಿದ.

“ಮಾತ್ರೆ ಕೈಗೆ ಕೊಡ್ಬೇಕಂದ್ರೆ ಹೊಣೆ ಹೊರೋ ಸಂಬಂಧಿಕರು ಬೇಕು. ಯಾರಿದಾರೆ?”

“ಯಾರೂ ಇಲ್ರಿ. ನೀವೇ ಬರ್ದೀರಲ್ಲ.”

“ಹಂಗಾದ್ರೆ ಕೊಡೋಕೆ ಬರಲ್ಲ. ರೂಲ್ಸು.”

ದುರುಗವ್ವ ಈ ಸಲ ನಗಲಿಲ್ಲ. ಒಳಗೆ ಬರಲು ಬೇಕಾಗಿದ್ದ ಮಾತೇ ಈಗ ಹೊರಗೆ ಹೋಗುವ ದಾರಿಯಲ್ಲಿ ಅಡ್ಡ ನಿಂತಿತ್ತು. ಮಾತ್ರೆ ಇಲ್ಲದೆ ಹರಿಹರಕ್ಕೆ ಹೋದರೆ ಏನಾಗುತ್ತದೆ ಎಂದು ಆ ವಾರ್ಡಿನಲ್ಲಿ ಎಲ್ಲರಿಗೂ ಗೊತ್ತು.

“ನನ್ನ ಹೆಸ್ರು ಬರೀರಿ” ಎಂದೆ.

ಕ್ಲಾರ್ಕು ತಲೆ ಎತ್ತಿದ. “ನೀನೇ ಪೇಷಂಟು. ಏನು ಸಂಬಂಧ?”

“ಅಕ್ಕ.”

“ಒಂದೇ ತಾಯಿ ಮಕ್ಕಳೇನು?”

“ಒಂದೇ ವಾರ್ಡಿನೋರು. ಸಾಲದಿದ್ರೆ ಅಮಲ್ದಾರ್ರ ಹತ್ರ ಕಳ್ಸ್ರಿ, ನಂಗೆ ದಾರಿ ಗೊತ್ತೈತೆ.”

ಅವನು ಡಾಕ್ಟರ ಮುಖ ನೋಡಿದ. ಡಾಕ್ಟರು ಬೇರೆ ಏನನ್ನೋ ಓದುತ್ತಿರುವವರ ಹಾಗೆ, “ಬರ್ಕೊಳ್ಳಪ್ಪ” ಎಂದರು.

ಈಗ ಮನೆಯಲ್ಲಿದ್ದೇನೆ. ಮಬ್ಬು ಚಿಕ್ಕದಾಗಿದೆ. ಡಾಕ್ಟರು ‘ವಾಸಿಯಾಗುತ್ತಿದೆ’ ಅನ್ನುತ್ತಾರೆ, ‘ವಾಸಿಯಾಯಿತು’ ಎಂದು ಇನ್ನೂ ಅಂದಿಲ್ಲ. ಆ ಔಷಧಿ ಕಂಡುಹಿಡಿದವರಿಗೆ, ಕೊಟ್ಟ ಸರ್ಕಾರಕ್ಕೆ, ಚುಚ್ಚಿದ ನರ್ಸಮ್ಮನಿಗೆ ಕೈಮುಗಿಯುತ್ತೇನೆ. ಹಲಗೆಯ ಮೇಲಿನ ಮಾತಿಗೆ ಮುಗಿಯುವುದಿಲ್ಲ. ಅದು ಇನ್ನೂ ಅಲ್ಲೇ ನೇತಾಡುತ್ತಿದೆ.

ತಿಂಗಳಿಗೊಮ್ಮೆ ದುರುಗವ್ವ ಹರಿಹರದಿಂದ ರೈಲಿಗೆ ಬರುತ್ತಾಳೆ. ಇಬ್ಬರೂ ಕೂಡಿ ಮಾತ್ರೆಗೆ ಹೋಗುತ್ತೇವೆ. ಹೋದ ಸಲ ಕ್ಲಾರ್ಕು ಹಳೆಯ ಅಭ್ಯಾಸದಂತೆ, “ನಿರ್ಗತಿಕ, ದುರುಗವ್ವ!” ಎಂದು ಕೂಗಿದ. ಪಕ್ಕದಲ್ಲಿದ್ದ ಅವಳನ್ನು ನೋಡಿದೆ. ಕೇಳಿಸದವಳ ಹಾಗೆ ಕೂತಿದ್ದಳು. ಅವನು ಇನ್ನೊಮ್ಮೆ ಕೂಗಿದ. ಅಲುಗಲಿಲ್ಲ. ಹಿಂದಿನವರು ಗೊಣಗತೊಡಗಿದರು. ಕೊನೆಗೆ ಅವನು ಪುಸ್ತಕದ ಮೇಲೆ ಬೆರಳಿಟ್ಟು ಮುಂದಿನ ಸಾಲು ಓದಿದ: “ಗಿರಿಜಮ್ಮನ ತಂಗಿ, ದುರುಗವ್ವ.”

“ಬಂದೆ ರೀ” ಎಂದು ಎದ್ದಳು.